ಹಿಡಿ ಶೇಂಗಾ, ತಟ್ಟೆ ಕೋಳಿ

ಶ್ರಾವಣ ಶುರುವಾಯಿತೆಂದರೆ ಕೋಳಿ ಅಂಗಡಿಯಲ್ಲಿ ವ್ಯಾಪಾರ ಇಳಿಯುತ್ತದೆ, ಜಿಮ್‌ಗಳಲ್ಲಿ ಚಿಂತೆ ಏರುತ್ತದೆ. ವರ್ಷವಿಡೀ ಬೇಯಿಸಿದ ಚಿಕನ್ನಿನ ಡಬ್ಬಿ ಹಿಡಿದು ಬರುತ್ತಿದ್ದ ಹುಡುಗರು ತಿಂಗಳ ಮಟ್ಟಿಗೆ ಮಾಂಸ ಬಿಟ್ಟಿರುತ್ತಾರೆ. ಮನೆಯಲ್ಲಿ ಅಜ್ಜಿಯ ಮಾತು ಮೀರುವಂತಿಲ್ಲ, ಕಷ್ಟಪಟ್ಟು ಬೆಳೆಸಿದ ತೋಳು ಇಳಿಯುವಂತೆಯೂ ಇಲ್ಲ. ಆಗ ಯಾರೋ ಒಬ್ಬರು ಗೋಡೆಗೆ ಅಂಟಿಸಿದ ಪಟ್ಟಿಯತ್ತ ಬೆರಳು ತೋರಿಸುತ್ತಾರೆ: 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್, ಅಷ್ಟೇ ತೂಕದ ಹಸಿ ಕೋಳಿ ಮಾಂಸದಲ್ಲಿ 21. ಹಾಗಾದರೆ ಶೇಂಗಾವೇ ಮೇಲಾಯಿತಲ್ಲ! ಹೇಳಿದವನಿಗೂ ಖುಷಿ, ಕೇಳಿದವನಿಗೂ ಖುಷಿ.

ಪಟ್ಟಿ ಸುಳ್ಳು ಹೇಳುವುದಿಲ್ಲ. ಅದೇ ಸಾಲಿನಲ್ಲಿ ಇನ್ನೊಂದು ಚೂರು ಮುಂದೆ ಕಣ್ಣು ಹಾಯಿಸಿದರೆ ಕೊಬ್ಬಿನ ಅಂಕಿ ಸಿಗುತ್ತದೆ. ಶೇಂಗಾದಲ್ಲಿ ತಳಿಗೆ ತಕ್ಕಂತೆ 40ರಿಂದ 49 ಗ್ರಾಂ, ಚರ್ಮ ತೆಗೆದ ಕೋಳಿಯಲ್ಲಿ ಬರೀ 3. ಚಳ್ಳಕೆರೆಯನ್ನು ತೈಲನಗರಿ ಎಂದು ಕರೆದದ್ದು ಸುಮ್ಮನೆ ಅಲ್ಲ; ಶೇಂಗಾ ಮೊದಲು ಎಣ್ಣೆಕಾಳು, ಪ್ರೋಟೀನಿನ ಮಾತು ಆಮೇಲೆ.

ಲೆಕ್ಕ ಹಾಕಿಯೇ ನೋಡೋಣ. 30 ಗ್ರಾಂ ಪ್ರೋಟೀನ್ ಬೇಕು ಎಂದುಕೊಳ್ಳಿ. ಬೇಯಿಸಿದ ಕೋಳಿಯ ಎದೆಭಾಗ 100 ಗ್ರಾಂ ತಿಂದರೆ ಅಷ್ಟು ಬಂತು, ಜೊತೆಗೆ ಬರುವುದು 165 ಕ್ಯಾಲೊರಿ. ಅದನ್ನೇ ಶೇಂಗಾದಿಂದ ಪಡೆಯಬೇಕಾದರೆ ಸುಮಾರು 120 ಗ್ರಾಂ, ಅಂದರೆ ಮುನ್ನೂರಕ್ಕೂ ಮೇಲ್ಪಟ್ಟು ಬೀಜ ಅಗಿಯಬೇಕು. ಕ್ಯಾಲೊರಿ 650ರ ಆಸುಪಾಸು. ಬಾದಾಮಿಯಾದರೆ 140 ಗ್ರಾಂ, 800 ಕ್ಯಾಲೊರಿ. ಆಕ್ರೋಟಿಗೆ ಹೋದರೆ 200 ಗ್ರಾಂ, 1,300 ಕ್ಯಾಲೊರಿ. ದಿನದ ಮೂರನೇ ಎರಡು ಪಾಲು ಅನ್ನ ಸಾರು ಬಿಟ್ಟು ಆಕ್ರೋಟನ್ನೇ ತಿಂದಂತಾಯಿತು!

ಇನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನುವ ಐದು ಬಾದಾಮಿ. ಎಷ್ಟೋ ಮನೆಗಳಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೆ ಇದು ಪ್ರಸಾದಕ್ಕೆ ಸಮ. ಐದು ಬಾದಾಮಿಯ ತೂಕ 6 ಗ್ರಾಂ; ಅದರಲ್ಲಿ ಪ್ರೋಟೀನ್ ಒಂದೂಕಾಲು ಗ್ರಾಂ, ಕ್ಯಾಲೊರಿ 35. ಸಿಪ್ಪೆಯೊಡನೆ ಒಂದಿಷ್ಟು ನಾರನ್ನೂ ಚೆಲ್ಲಿರುತ್ತೇವೆ. ತಿನ್ನಬೇಡಿ ಎನ್ನುತ್ತಿಲ್ಲ, ಇ ಜೀವಸತ್ವ ಒಂದಷ್ಟು ಸಿಗುತ್ತದೆ. ಆದರೆ ಅದೇ ದುಡ್ಡಿಗೆ ಐದಾರು ಪಟ್ಟು ಶೇಂಗಾ ಬರುತ್ತದೆ, ಅದರಲ್ಲಿ ಪ್ರೋಟೀನ್ ಬಾದಾಮಿಗಿಂತ ಒಂದು ತೂಕ ಜಾಸ್ತಿಯೇ. ಬಡವರ ಬಾದಾಮಿ ಎಂದು ಕರೆದು ನಾವು ಶೇಂಗಾಕ್ಕೆ ಮರ್ಯಾದೆ ಕೊಟ್ಟೆವೋ, ಅವಮಾನ ಮಾಡಿದೆವೋ ಗೊತ್ತಾಗುವುದಿಲ್ಲ.

ಬೀಜವನ್ನು ಕೋಳಿಗೆ ಸಮ ಎಂದುಕೊಳ್ಳುವ ಗೊಂದಲ ಜಿಮ್ ಹುಡುಗರದ್ದು ಮಾತ್ರವೂ ಅಲ್ಲ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಬೀಜಗಳು ಮತ್ತು ಕೋಳಿ ಒಂದೇ ಪ್ರೋಟೀನ್ ಗುಂಪಿನಲ್ಲಿವೆ. 14 ಗ್ರಾಂ ಬೀಜ, 28 ಗ್ರಾಂ ಕೋಳಿಗೆ ಸಮ ಎಂದು ಅವರು ಬಹುಕಾಲ ಲೆಕ್ಕ ಹಾಕುತ್ತಿದ್ದರು. ಆದರೆ 14 ಗ್ರಾಂ ಬಾದಾಮಿಯಲ್ಲಿ ಇರುವುದು 3 ಗ್ರಾಂ ಪ್ರೋಟೀನ್, 28 ಗ್ರಾಂ ಬೆಂದ ಕೋಳಿಯಲ್ಲಿ 8ಕ್ಕೂ ಮೇಲೆ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಈ ವಿಷಯದಲ್ಲಿ ಜಾಣತನ ತೋರಿಸಿದೆ. ದಿನಕ್ಕೆ 2,000 ಕ್ಯಾಲೊರಿಯ ತಟ್ಟೆಯಲ್ಲಿ ಬೇಳೆಕಾಳು, ಮೊಟ್ಟೆ, ಮಾಂಸ ಒಂದು ಕಡೆ, 85 ಗ್ರಾಂ. ಶೇಂಗಾ, ಬಾದಾಮಿ, ಎಳ್ಳಿನಂಥವು ಬೇರೆಯೇ ಮೂಲೆಯಲ್ಲಿ, 35 ಗ್ರಾಂ. ಕೋಳಿಗೆ ಬದಲಿ ಬೇಕೆಂದರೆ ನೋಡಬೇಕಾದ್ದು ತೊಗರಿ, ಹೆಸರು, ಹುರುಳಿಯ ಕಡೆಗೆ. ಶೇಂಗಾದ ಜಾಗ ಎಣ್ಣೆ ತುಪ್ಪದ ಪಕ್ಕದಲ್ಲಿ. ನನಗೆ ಸರಿ ಕಂಡದ್ದೂ ಇದೇ ವಿಂಗಡಣೆ.

ಪ್ರೋಟೀನಿನ ಪ್ರಮಾಣದ ಜೊತೆಗೆ ಅದರ ಗುಣದ ಪ್ರಶ್ನೆಯೂ ಇದೆ. ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೊ ಆಮ್ಲಗಳಲ್ಲಿ ಲೈಸಿನ್ ಒಂದು. ದೊಡ್ಡವರು ತಿನ್ನುವ ಪ್ರತಿ ಗ್ರಾಂ ಪ್ರೋಟೀನಿನಲ್ಲಿ ಅದು 45 ಮಿಲಿಗ್ರಾಂ ಇರಬೇಕು. ಕೋಳಿಯಲ್ಲಿ 80ಕ್ಕೂ ಹೆಚ್ಚು, ಶೇಂಗಾದಲ್ಲಿ 36ರ ಆಸುಪಾಸು. ಜೋಳದಲ್ಲಂತೂ ಇನ್ನೂ ಕಡಿಮೆ. ಉತ್ತರ ಕರ್ನಾಟಕದ ಊಟದ ಚೆಂದ ತಿಳಿಯುವುದು ಇಲ್ಲಿಯೇ. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೇಲೊಂದಿಷ್ಟು ಎಣ್ಣೆ: ರುಚಿಗೆ ಎರಡು ಮಾತಿಲ್ಲ, ಆದರೆ ಲೈಸಿನ್ ಲೆಕ್ಕದಲ್ಲಿ ಎರಡೂ ಸೊರಗಿದವೇ. ತಟ್ಟೆಗೆ ಹೆಸರುಕಾಳಿನದೋ ಮಡಿಕೆಕಾಳಿನದೋ ಪಲ್ಲೆ ಬಂದಾಗ ಆ ಕೊರತೆ ತುಂಬುತ್ತದೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ. ರೊಟ್ಟಿ, ಕಾಳುಪಲ್ಲೆ, ಹಿಂಡಿ, ಮೊಸರು ಸೇರಿದ ಊಟದ ಪ್ರೋಟೀನು ಗುಣದಲ್ಲಿ ಕೋಳಿಗೆ ಅಂಜಬೇಕಿಲ್ಲ.

ಕೋಳಿಯ ಬಗ್ಗೆ ಇರುವ ಭ್ರಮೆಗಳೂ ಕಡಿಮೆಯೇನಲ್ಲ. ಅಂಗಡಿಯವನು 'ಸ್ಕಿನ್ ಔಟಾ, ವಿತ್ ಸ್ಕಿನ್ನಾ' ಎಂದು ಕೇಳುತ್ತಾನಲ್ಲ, ಆ ಒಂದು ಪ್ರಶ್ನೆಯಲ್ಲಿ ಅರ್ಧ ಪೋಷಣಶಾಸ್ತ್ರ ಇದೆ. ಚರ್ಮ ತೆಗೆದರೆ 100 ಗ್ರಾಂ ಮಾಂಸಕ್ಕೆ 3 ಗ್ರಾಂ ಕೊಬ್ಬು, ಇದ್ದರೆ 15. ಕಬಾಬ್ ಎಂದು ಕಾರ್ನ್‌ಫ್ಲೋರ್ ಮೆತ್ತಿ ಎಣ್ಣೆಯಲ್ಲಿ ಮುಳುಗಿಸಿದ ಮೇಲೆ ಪಟ್ಟಿಯ ಅಂಕಿಗೂ ತಟ್ಟೆಯ ಚಿಕನ್ನಿಗೂ ಸಂಬಂಧವಿಲ್ಲ. ರಕ್ತಹೀನತೆ ಇದ್ದವರು ಕೋಳಿ ತಿನ್ನಬೇಕು ಎನ್ನುವುದು ಇನ್ನೊಂದು ಮಾತು. ಬೆಂದ ಎದೆಭಾಗದಲ್ಲಿ ಕಬ್ಬಿಣ 100 ಗ್ರಾಮಿಗೆ 1 ಮಿಲಿಗ್ರಾಂ ಮಾತ್ರ. ಶೇಂಗಾದಲ್ಲಿ ನಾಲ್ಕಕ್ಕೂ ಹೆಚ್ಚು. ಆದರೆ ಶೇಂಗಾದಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೋಳಿಯದ್ದು ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಬಿ12 ಜೀವಸತ್ವ ಬೀಜಗಳಲ್ಲಿ ಇಲ್ಲವೇ ಇಲ್ಲ. ಕೋಳಿಯಲ್ಲಿ ಇದೆ, ಆದರೆ ಎದೆಭಾಗದ 100 ಗ್ರಾಮಿನಲ್ಲಿ ಸಿಗುವುದು 0.3 ಮೈಕ್ರೊಗ್ರಾಂ, ದಿನಕ್ಕೆ ಬೇಕಾದ್ದು 2.2. ಕಬ್ಬಿಣ, ಬಿ12 ಎರಡೂ ದಂಡಿಯಾಗಿ ಇರುವುದು ಲಿವರಿನಲ್ಲಿ. ಎಷ್ಟೋ ಜನ 'ಅದು ಬೇಡ, ತೆಗೆದುಬಿಡಿ' ಎಂದು ಅಂಗಡಿಯಲ್ಲೇ ಬಿಟ್ಟು ಬರುವ ತುಂಡು ಅದು. ನಾರಂತೂ ಕೋಳಿಯ ಯಾವ ಭಾಗದಲ್ಲೂ ಇಲ್ಲ. ಮೆಗ್ನೀಸಿಯಂ, ಇ ಜೀವಸತ್ವ, ಫೋಲೇಟ್ ಮೂರರಲ್ಲೂ ಶೇಂಗಾ ಬಹಳ ಮುಂದೆ.

ಬೀಜಗಳ ಕೊಬ್ಬನ್ನು ಕಂಡು ಹೆದರಬೇಕಿಲ್ಲ. ಅದರಲ್ಲಿ ಬಹುಪಾಲು ಅಪರ್ಯಾಪ್ತ ಕೊಬ್ಬು, ಹೃದಯಕ್ಕೆ ಒಗ್ಗುವಂಥದ್ದು. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಪ್ರೆಡಿಮೆಡ್ ಅಧ್ಯಯನದಲ್ಲಿ, ಮೆಡಿಟರೇನಿಯನ್ ಕರಾವಳಿಯ ಊಟದ ಜೊತೆ ದಿನಕ್ಕೆ 30 ಗ್ರಾಂ ಬೀಜ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಆಘಾತಗಳು ಶೇ 30ರ ಹತ್ತಿರ ಕಡಿಮೆಯಾದವು. 2013ರಲ್ಲಿ ಪ್ರಕಟವಾದ ಆ ವರದಿಯನ್ನು ಗುಂಪು ವಿಂಗಡಣೆಯ ಲೋಪದಿಂದ 2018ರಲ್ಲಿ ಹಿಂತೆಗೆದುಕೊಂಡು, ಮತ್ತೆ ಲೆಕ್ಕ ಮಾಡಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಕದಲಲಿಲ್ಲ. ಇಡೀ ಬಾದಾಮಿಯಲ್ಲಿ ಪೊಟ್ಟಣದ ಮೇಲೆ ಬರೆದಷ್ಟು ಕ್ಯಾಲೊರಿ ದೇಹಕ್ಕೆ ಸೇರುವುದಿಲ್ಲ ಎಂಬುದೂ ಅಮೆರಿಕದ ಪ್ರಯೋಗಗಳಲ್ಲಿ ಗೊತ್ತಾಗಿದೆ. ಅಗಿದರೂ ಒಡೆಯದ ಜೀವಕೋಶಗಳೊಳಗೆ ಒಂದಷ್ಟು ಎಣ್ಣೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿದರೆ, ಬೆಣ್ಣೆಯಂತೆ ಅರೆದರೆ ಈ ರಿಯಾಯಿತಿ ತಪ್ಪಿತು.

ಎಣ್ಣೆಯೇ ತೊಡಕಾದರೆ ಅದನ್ನು ಹಿಂಡಿ ತೆಗೆದರಾಯಿತಲ್ಲ? ಮೈಸೂರಿನವರು ಇದನ್ನು ಎಂದೋ ಯೋಚಿಸಿದ್ದರು. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ, ಡಾ. ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದ ಕಾಲದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟು 75 ಭಾಗ, ಕಡಲೆಹಿಟ್ಟು 25 ಭಾಗ ಬೆರೆಸಿ, ಜೀವಸತ್ವ, ಸುಣ್ಣದಂಶ ಸೇರಿಸಿ ವಿವಿಧೋದ್ದೇಶ ಆಹಾರವೊಂದನ್ನು ತಯಾರಿಸಿತು. ಎಣ್ಣೆ ಹೋದ ಶೇಂಗಾ ಹಿಟ್ಟಿನಲ್ಲಿ ಪ್ರೋಟೀನ್ ಶೇ 50ರ ಮೇಲೆ. ಕಡಲೆಹಿಟ್ಟು ಲೈಸಿನ್ ತುಂಬಿಕೊಡುತ್ತದೆ. ಜಿಮ್‌ನ ಪ್ಲಾಸ್ಟಿಕ್ ಡಬ್ಬಿಯ ಪುಡಿಗೆ ನಮ್ಮಲ್ಲೇ ಒಬ್ಬ ಅಜ್ಜ ಇದ್ದ ಎಂದಾಯಿತು. ಆದರೆ ಗಾಣದಲ್ಲಿ ಉಳಿದ ಹಿಂಡಿ ಬಹುಪಾಲು ಹೋದದ್ದು ದನಕ್ಕೆ, ಕೋಳಿಗೆ. ಶೇಂಗಾ ಕೋಳಿಯಾಗಿ ನಮ್ಮ ತಟ್ಟೆಗೆ ಬಂತು.

ಆ ದಾರಿಯಲ್ಲಿ ಒಂದು ಅನಾಹುತವೂ ನಡೆಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸಾಲಾಗಿ ಸತ್ತವು. ಯಾವ ಸೋಂಕೂ ಕಾಣದೆ ವೈದ್ಯರು ಅದನ್ನು 'ಟರ್ಕಿ ಎಕ್ಸ್ ರೋಗ' ಎಂದರು. ಕೊನೆಗೆ ಸಿಕ್ಕಿಬಿದ್ದದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಬೂಷ್ಟು, ಆ ಬೂಷ್ಟು ಬಿಟ್ಟ ವಿಷ. ಅಫ್ಲಾಟಾಕ್ಸಿನ್ ಜಗತ್ತಿಗೆ ಗೊತ್ತಾದದ್ದು ಹೀಗೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ ಇದು ಬರುತ್ತದೆ. ಪಾವಗಡ, ಚಳ್ಳಕೆರೆಯ ರೈತರಿಗೆ ಇವೆರಡೂ ಹೊಸತಲ್ಲ. ಹುರಿದರೂ ಈ ವಿಷ ಪೂರ್ತಿ ಸಾಯುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ, ಕಹಿ ಬೀಜವನ್ನು ಉಗಿಯಲು ನಾಚಿಕೊಳ್ಳಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಬೀಜ ಕೊಡಲೇಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಕೋಳಿಯ ಜಾಗದಲ್ಲಿ ಮೊಟ್ಟೆಯನ್ನಿಟ್ಟರೆ, ಶೇಂಗಾದೊಂದಿಗಿನ ಈ ಹೋಲಿಕೆ ಸರ್ಕಾರಿ ಕಡತದಲ್ಲೂ ಇದೆ. ನಮ್ಮ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂಬ ಏರ್ಪಾಡಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನವಾಯಿತು. 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಚಿಕ್ಕಿ ನಿಲ್ಲಿಸಿತು. ಅಪರ್ಯಾಪ್ತ ಕೊಬ್ಬು ಮತ್ತು ಸಕ್ಕರೆ ಜಾಸ್ತಿ, ದಾಸ್ತಾನು ಸರಿಯಿಲ್ಲ ಎಂಬ ಕಾರಣಗಳು ಕೇಳಿಬಂದವು. ದಾಸ್ತಾನಿನ ದೂರು ಒಪ್ಪತಕ್ಕದ್ದೇ, ಬೆಲ್ಲದ್ದೂ ಹೌದು. ಆದರೆ ಶೇಂಗಾದ ಕೊಬ್ಬನ್ನು ತಪ್ಪಿತಸ್ಥನ ಸಾಲಿಗೆ ನಿಲ್ಲಿಸಿದ್ದು ನನಗೆ ಅರ್ಥವಾಗಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಒಂದು ಬಾಳೆಹಣ್ಣಿನಲ್ಲಿ ಒಂದೇ ಒಂದು. ಮೊಟ್ಟೆ ಮುಟ್ಟದ ಮನೆಯ ಮಗುವಿಗೆ ಚಿಕ್ಕಿ ಹೋಗಿ ಹಣ್ಣು ಮಾತ್ರ ಉಳಿದಾಗ ತಟ್ಟೆಯಿಂದ ಕಳೆದುಹೋದದ್ದು ಪ್ರೋಟೀನ್. ಹುರಿದ ಶೇಂಗಾ 30 ಗ್ರಾಂ ಕೊಟ್ಟರೆ 7 ಗ್ರಾಂ ಸಿಗುತ್ತದೆ, ಪಕ್ಕದಲ್ಲಿ ತೊಗರಿಬೇಳೆ ಸಾರು ಹೇಗೂ ಇದೆ. ತಿಂಗಳ ಸರಕನ್ನು ಒಮ್ಮೆಗೇ ತುಂಬಿಡದೆ ವಾರವಾರ ಹತ್ತಿರದ ಸಂತೆಯಲ್ಲಿ ಬೀಜ ಕೊಂಡು, ಆರಿಸಿ, ಶಾಲೆಯ ಅಡುಗೆಮನೆಯಲ್ಲೇ ಹುರಿದರೆ ಬೂಷ್ಟಿನ ಭಯವೂ ಕಡಿಮೆ, ಬೆಲ್ಲದ ತಕರಾರೂ ಇರುವುದಿಲ್ಲ.