ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್

ವಾರವಿಡೀ ಆಡಿಕೊಂಡಿರುವ ಹುಡುಗ, ತಲೆಗೆ ಬಿಸಿನೀರು ಹುಯ್ದುಕೊಳ್ಳುವ ದಿನ ಮಾತ್ರ ಕಣ್ಣು ನೆಟ್ಟು ಕೂತುಬಿಡುತ್ತಾನೆ. ಕರೆದರೆ ಓಗೊಡುವುದಿಲ್ಲ, ಏನೇನೋ ಬಡಬಡಿಸುತ್ತಾನೆ, ಕೆಲವೊಮ್ಮೆ ಕೈಕಾಲು ಸೆಟೆದು ಬಚ್ಚಲಲ್ಲೇ ಬೀಳುತ್ತಾನೆ. ಇದು ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡ್‌ನಿಂದ ಇದರ ಮೊದಲ ವರದಿ ಬಂತು. ಟರ್ಕಿ, ಜಪಾನ್‌ಗಳಲ್ಲೂ ಕಂಡಿದೆ. ಆದರೆ ಇದು ತೀರಾ ಹೆಚ್ಚಾಗಿ ಕಾಣಿಸಿಕೊಂಡಿರುವುದು ದಕ್ಷಿಣ ಕರ್ನಾಟಕದಲ್ಲಿ. ನರರೋಗತಜ್ಞ ಕೆ.ಎಸ್. ಮಣಿ ಅವರು 1960ರ ದಶಕದಲ್ಲೇ ಇದನ್ನು ಗುರುತಿಸಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯಲ್ಲಿ ಕಾದ, 40ರಿಂದ 50 ಡಿಗ್ರಿಯಷ್ಟು ಬಿಸಿಯಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೇ ಸುರಿದುಕೊಳ್ಳುವ ನಮ್ಮ ಸ್ನಾನದ ಪದ್ಧತಿಗೂ ಈ ರೋಗಕ್ಕೂ ನಂಟಿದೆ. ಹಾಗೆಂದು ಪದ್ಧತಿಯೊಂದನ್ನೇ ದೂರುವಂತಿಲ್ಲ. ಅದೇ ಹಂಡೆಯ ನೀರು ಮನೆಮಂದಿಗೆಲ್ಲ; ಫಿಟ್ಸ್ ಬರುವುದು ಒಬ್ಬರಿಗೆ. ಕೆಲವು ಮನೆತನಗಳಲ್ಲಿ ಹಲವರಿಗೆ ಬರುವುದರಿಂದ ವಂಶವಾಹಿಯ ಪಾಲೂ ಇದೆಯೆಂದು ಸಂಶೋಧಕರು ಹುಡುಕುತ್ತಿದ್ದಾರೆ.

ಯಂತ್ರಗಳ ಕಾಲದಲ್ಲೂ ರೋಗನಿರ್ಣಯದ ಮುಕ್ಕಾಲು ಭಾಗ ಸರಿಯಾದ ಪ್ರಶ್ನೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಫಿಟ್ಸ್ ಇಲ್ಲದ ವೇಳೆಯಲ್ಲಿ ತೆಗೆದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ಬಹುಪಾಲು ರೋಗಿಗಳಲ್ಲಿ ಸಹಜವಾಗಿಯೇ ಇರುತ್ತದೆ. ಎಂಆರ್‌ಐನಲ್ಲೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ರಿಪೋರ್ಟ್ ನಾರ್ಮಲ್ ಎಂದು ಮನೆಗೆ ಕಳಿಸಿದರೆ ರೋಗ ಕೈತಪ್ಪಿತು. ಯಾವಾಗ ಬಂತು, ನೀರು ಎಷ್ಟು ಬಿಸಿಯಿತ್ತು, ಮೈಗೆ ಹಾಕಿಕೊಂಡಾಗ ಬಂತೋ ತಲೆಗೆ ಹುಯ್ದಾಗಲೋ, ನೋಡಿದವರು ಯಾರು ಎಂದು ವಿಚಾರಿಸಿದರೆ ಸುಳಿವು ಸಿಗುತ್ತದೆ. ರೋಗಿಯ ಮಾತನ್ನು ನಂಬಿ ಚಿಕಿತ್ಸೆ ಶುರುಮಾಡುವುದು ಅಪಾಯವಲ್ಲವೇ, ಬಿಸಿ ಹಬೆಯಲ್ಲಿ ರಕ್ತದೊತ್ತಡ ಇಳಿದು ತಲೆಸುತ್ತಿ ಬೀಳುವವರೂ ಇದ್ದಾರಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಅನುಮಾನವನ್ನು ತೀರಿಸಿಕೊಳ್ಳಲೆಂದೇ ಸಂಶೋಧಕರು ಇಇಜಿ ತಂತಿ ಅಂಟಿಸಿದ ತಲೆಗೆ ಬಿಸಿನೀರು ಹುಯ್ದು ನೋಡಿದ್ದಾರೆ. ಮಿದುಳಿನ ಕಪೋಲ ಭಾಗದಿಂದ ಅಪಸ್ಮಾರದ ಅಲೆಗಳು ಏಳುವುದು ಅಲ್ಲಿ ದಾಖಲಾಗಿದೆ. ರೋಗ ನಿಜವೆಂದು ಸಾಬೀತುಮಾಡಲು ಯಂತ್ರ ಬೇಕಾಯಿತು, ನಿಜ. ಆದರೆ ಸ್ನಾನದ ಹೊತ್ತಿನಲ್ಲಿ ತಂತಿ ಅಂಟಿಸಬೇಕೆಂದು ಹೇಳಿಕೊಟ್ಟದ್ದು ಮನೆಯವರ ಮಾತು.

ಚಿಕಿತ್ಸೆಯ ವಿಚಾರ ಇಷ್ಟು ಸಲೀಸಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ತಲೆಗೆ ನಿಧಾನವಾಗಿ ಹಾಕಿಕೊಂಡರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ರೂಢಿ ಬಂದಿದೆ, ಅದು ಫಲ ಕೊಟ್ಟ ವರದಿಗಳೂ ಇವೆ. ಆದರೆ ಆಸ್ಪತ್ರೆಗೆ ಬಂದವನಿಗೆ ಮಾತ್ರೆಯ ಜತೆಗೇ ನೀರಿನ ಬಿಸಿ ತಗ್ಗಿಸುವ ಬುದ್ಧಿಮಾತೂ ಸಿಕ್ಕಿರುತ್ತದೆ. ಆಮೇಲೆ ಫಿಟ್ಸ್ ನಿಂತರೆ ಶ್ರೇಯಸ್ಸು ಯಾವುದಕ್ಕೆ? ಮೊದಲಿನ ಸ್ಥಿತಿಗೂ ಆಮೇಲಿನ ಸ್ಥಿತಿಗೂ ಹೋಲಿಸಿದ ಮಾತ್ರಕ್ಕೆ ಇದು ಬಗೆಹರಿಯುವುದಿಲ್ಲ. ಒಂದು ಗುಂಪಿಗೆ ಸಲಹೆ ಮಾತ್ರ, ಇನ್ನೊಂದಕ್ಕೆ ಸಲಹೆಯ ಜತೆ ಮಾತ್ರೆ ಕೊಟ್ಟು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಮಾತ್ರ ಮಾತ್ರೆಯ ನಿಜವಾದ ಬೆಲೆ ತಿಳಿಯುತ್ತದೆ. ಇಷ್ಟು ರೋಗಿಗಳು ಒಂದೇ ಸೀಮೆಯಲ್ಲಿ ಸಿಗುವುದು ನಮ್ಮಲ್ಲೇ ಆದ್ದರಿಂದ ಆ ಕೆಲಸ ಇಲ್ಲೇ ಆಗಬೇಕು.

ತಣ್ಣೀರು ಹಾಕಿಕೊಂಡರೆ ಮುಗಿಯಿತು, ಇಷ್ಟು ಸಣ್ಣ ವಿಷಯಕ್ಕೆ ಪ್ರಯೋಗವೇಕೆ ಎನ್ನುವವರಿದ್ದಾರೆ. ಆ ಮಾತು ಎಲ್ಲರ ಪಾಲಿಗೂ ಸರಿಯಲ್ಲ. ಫಿಟ್ಸ್ ಶುರುವಾಗುವಾಗ ಹಿತವೆನಿಸಿ, ಬೇಡವೆಂದರೂ ಬಿಸಿನೀರು ಸುರಿದುಕೊಳ್ಳುತ್ತಲೇ ಇರುವವರು ಒಂದಷ್ಟು ಜನ. ಅವರಿಗೆ ಬುದ್ಧಿಮಾತು ನಾಟುವುದಿಲ್ಲ. ಮತ್ತೆ ಒಂದು ಗಣನೀಯ ಪಾಲಿನವರಿಗೆ ಕೆಲವು ವರ್ಷಗಳಲ್ಲಿ ಸ್ನಾನದ ಹಂಗಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ಅವರಿಗೆ ಸ್ನಾನಕ್ಕೆ ಮುಂಚಿನ ಮಾತ್ರೆ ಸಾಲದು, ಉಳಿದ ಅಪಸ್ಮಾರ ರೋಗಿಗಳಂತೆ ದಿನವೂ ಔಷಧಿ ಬೇಕು. ಯಾರು ಆ ಕಡೆಗೆ ಜಾರುತ್ತಾರೆಂದು ಮೊದಲ ಭೇಟಿಯಲ್ಲೇ ಹೇಳಬಲ್ಲ ಪರೀಕ್ಷೆ ಯಾವುದೂ ಇನ್ನೂ ಕೈಗೆ ಬಂದಿಲ್ಲ. ಹಾಗಾಗಿ ಪ್ರತಿ ಭೇಟಿಯಲ್ಲೂ, ಸ್ನಾನ ಮಾಡದ ದಿನ ಏನಾದರೂ ಆಯಿತೇ ಎಂದು ಕೇಳುತ್ತಲೇ ಇರಬೇಕಾಗುತ್ತದೆ.