ಆಸ್ಟರ್ ಹೂವಿನ ಒಡಲು

ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ ಹೂವಿನ ಉಪಮೆಗಳನ್ನು ಬಿಡಿಸಿ ಹೇಳಿದವನು ನಾನು. ಎಸಳು, ಕೇಸರ, ಪರಾಗ ಎಂಬ ಮಾತುಗಳು ನನ್ನ ನಾಲಗೆಯ ಮೇಲೆ ಸಲೀಸಾಗಿ ಹರಿದಾಡುತ್ತಿದ್ದುವು. ಆದರೆ ಹೂವೊಂದನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದ್ದು ನಿವೃತ್ತಿಯ ಅನಂತರವೇ. ಅದು ನನ್ನ ಹೆಂಡತಿ ಹಿತ್ತಿಲಲ್ಲಿ ಬೆಳೆಸುತ್ತಿದ್ದ ಆಸ್ಟರ್. ಪ್ರತಿವರ್ಷವೂ ಒಣಗಿದ ಹೂಗಳಿಂದ ಬೀಜ ಎತ್ತಿಡುವುದು ಆಕೆಯ ಕೆಲಸವಾಗಿತ್ತು. ಆಕೆ ತೀರಿಕೊಂಡ ವರ್ಷ ಅದು ನನ್ನ ಪಾಲಿಗೆ ಬಂತು.

ಒಣಹೂವನ್ನು ಕಾಗದದ ಮೇಲೆ ಬಿಡಿಸಿದಾಗ ನನಗೆ ಅಚ್ಚರಿ ಕಾದಿತ್ತು. ನಾನು ಎಸಳೆಂದು ತಿಳಿದಿದ್ದುದರ ಬುಡದಲ್ಲಿ ಬೀಜ ಅಂಟಿಕೊಂಡಿತ್ತು. ಎಸಳಿಗೆಲ್ಲಿಯ ಬೀಜ?

ಸಸ್ಯಶಾಸ್ತ್ರ ಇದಕ್ಕೆ ಉತ್ತರ ಹೇಳುತ್ತದೆ. ಆಸ್ಟರ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ. 20,000ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ನಾವು ಒಂದು ಹೂವೆನ್ನುವುದು ಅನೇಕ ಕಿರುಹೂಗಳ ಕೂಟ. ಅಂಚಿನಲ್ಲಿ ನಾಲಗೆಯಂತೆ ಚಾಚಿರುವ ಒಂದೊಂದು ‘ಎಸಳೂ’ ಒಂದೊಂದು ಹೆಣ್ಣುಹೂವು. ನಡುವಿನ ಹಳದಿಯ ಬಿಲ್ಲೆಯಲ್ಲಿ ಕೊಳವೆಯಾಕಾರದ ಪುಟ್ಟ ಹೂಗಳು ಒತ್ತಾಗಿ ನಿಂತಿರುತ್ತವೆ; ಇವುಗಳಲ್ಲಿ ಗಂಡು ಹೆಣ್ಣು ಎರಡರ ಅಂಗಗಳೂ ಉಂಟು. ಅರಳುವಿಕೆ ಹೊರಸುತ್ತಿನಿಂದ ಮೊದಲಾಗಿ ಒಳಕ್ಕೆ ಸಾಗುತ್ತದೆ. ಇಷ್ಟನ್ನೂ ಕೆಳಗಿನಿಂದ ಹಸುರು ಪತ್ರಕಗಳ ಬಟ್ಟಲು ಹೊತ್ತಿರುತ್ತದೆ.

ಇನ್ನು ಹೆಸರಿನ ಕಥೆ. ಗ್ರೀಕ್ ಭಾಷೆಯಲ್ಲಿ ಆಸ್ಟರ್ ಎಂದರೆ ನಕ್ಷತ್ರ. ಚೀನ, ಕೊರಿಯಗಳ ನೆಲದ ಈ ಗಿಡ ಹದಿನೆಂಟನೆಯ ಶತಮಾನದಲ್ಲಿ ಯೂರೋಪನ್ನು ತಲುಪಿತು. 1753ರಲ್ಲಿ ಲಿನೀಯಸ್ ಇದನ್ನು ಆಸ್ಟರ್ ಜಾತಿಗೆ ಸೇರಿಸಿದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಕಸ್ಸಿನಿ ಇದನ್ನು ಬೇರ್ಪಡಿಸಿ ಕ್ಯಾಲಿಸ್ಟೆಫಸ್ ಎಂಬ ಪ್ರತ್ಯೇಕ ಜಾತಿಯನ್ನು ರಚಿಸಿದ. ಅತಿ ಸುಂದರವಾದ ಕಿರೀಟವೆಂದು ಅದರ ಅರ್ಥ. ಆ ಜಾತಿಯಲ್ಲಿರುವುದು ಇದೊಂದೇ ಪ್ರಭೇದ. ಶಾಸ್ತ್ರ ಹೆಸರು ಬದಲಿಸಿದರೂ ಹೂವಾಡಿಗರ ಬುಟ್ಟಿಯಲ್ಲಿ ಇದು ಆಸ್ಟರ್ ಆಗಿಯೇ ಉಳಿದಿದೆ.

ನಮ್ಮ ಬೆಂಗಳೂರು, ಕೋಲಾರದ ಕಡೆಯ ರೈತರು ಇದನ್ನು ಹಾರಕ್ಕೂ ಅಲಂಕಾರಕ್ಕೂ ಬೆಳೆಯುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ತಳಿಗಳಲ್ಲಿ ಕಾಮಿನಿ ಗುಲಾಬಿ ಬಣ್ಣದ್ದು. ಪೂರ್ಣಿಮಾ, ಶಶಾಂಕಗಳು ಬಿಳಿಯವು. ನಕ್ಷತ್ರದ ಹೆಸರು ಹೊತ್ತು ಬಂದ ಹೂವಿಗೆ ಇಲ್ಲಿ ಚಂದ್ರನ ಹೆಸರುಗಳು ದೊರೆತುವೆಂಬುದು ಸಾಹಿತ್ಯದ ಮೇಷ್ಟರಿಗೆ ಸಂತೋಷ ಕೊಡುವ ಸಂಗತಿ.

ಆ ಬೀಜಗಳನ್ನು ಆಕೆಯ ನೆನಪಿಗೆಂದು ಪೆಟ್ಟಿಗೆಯಲ್ಲಿಡಬೇಕೆಂದು ನನಗೆ ಮನಸ್ಸಾಗಿತ್ತು. ಆದರೆ ಆಸ್ಟರ್ ಬೀಜದ ಮೊಳೆಯುವ ಶಕ್ತಿ ಬಹುಬೇಗ ಕುಗ್ಗುತ್ತದೆ. ಕಾದಿಟ್ಟರೆ ಕಳೆದುಕೊಂಡಂತೆಯೇ. ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಬಿತ್ತಿದರೂ ಕೇಡು. ಮಣ್ಣಿನಲ್ಲಿ ನೆಲೆನಿಂತ ಶಿಲೀಂಧ್ರದಿಂದ ಗಿಡ ಸೊರಗಿ ಸಾಯುತ್ತದೆ. ವರ್ಷಕ್ಕೊಮ್ಮೆ ಆಕೆ ಮಡಿಯ ಜಾಗ ಬದಲಿಸುತ್ತಿದ್ದುದನ್ನು ನಾನು ಬರಿಯ ಹವ್ಯಾಸವೆಂದುಕೊಂಡಿದ್ದೆ. ಕಾರಣವನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ವರ್ಷವೇ ಬಾವಿಯ ಆಚೆಬದಿಯಲ್ಲಿ ಹೊಸ ಮಡಿ ಮಾಡಿ ಬಿತ್ತಿದೆ. ಹೂ ಬಿಟ್ಟಿತು. ಬೀಜ ಎತ್ತಿಡುವುದನ್ನು ಅಂದಿನಿಂದ ನಾನು ತಪ್ಪಿಸಿಲ್ಲ. ತಾವೂ ಮುಂದಿನ ಸಲ ಮಾರುಕಟ್ಟೆಯಿಂದ ಆಸ್ಟರ್ ತಂದಾಗ ದಯವಿಟ್ಟು ಒಂದನ್ನು ಪೂಜೆಗಿಡದೆ ಬಿಡಿಸಿ ನೋಡಿ.