ಸಕ್ಕರೆ ಕಾಯಿಲೆಯ ನಾಯಿಗೆ ಕಣ್ಣಿನ ಪೊರೆ: ಬಲಿಯುವ ತನಕ ಕಾಯಬೇಡಿ

ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಹೊಟ್ಟೆ ತುಂಬ ತಿಂದರೂ ಸೊರಗುತ್ತದೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಿರುತ್ತಾರೆ. ಒಂದು ದಿನ ಅದು ಕುರ್ಚಿಗೆ ಡಿಕ್ಕಿ ಹೊಡೆದಾಗ ಗಮನಿಸಿದರೆ, ಎರಡೂ ಕಣ್ಣುಗಳ ಒಳಗೆ ಹಾಲು ಹನಿಸಿದಂತೆ ಬಿಳುಪು!

ನಾಯಿಗಳಿಗೂ ಮಧುಮೇಹ ಬರುತ್ತದೆ. ಬಂದರೆ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚುಮದ್ದು ಸಾಮಾನ್ಯವಾಗಿ ಜೀವನಪೂರ್ತಿ ಬೇಕು. ಆದರೂ ಕಣ್ಣಿಗೆ ಅಪಾಯ ತಪ್ಪಿದ್ದಲ್ಲ. 200 ಮಧುಮೇಹಿ ನಾಯಿಗಳನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗ ಪತ್ತೆಯಾದ ಸುಮಾರು 170 ದಿನಗಳೊಳಗೆ ಅರ್ಧದಷ್ಟು ನಾಯಿಗಳಿಗೆ ಪೊರೆ ಬಂದಿತ್ತು.

ಕಾರಣ ಇಷ್ಟು: ರಕ್ತದಲ್ಲಿ ಹೆಚ್ಚಾದ ಗ್ಲೂಕೋಸ್ ಕಣ್ಣಿನ ಮಸೂರವನ್ನೂ ಸೇರುತ್ತದೆ. ಅಲ್ಲಿರುವ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಸಾರ್ಬಿಟಾಲ್ ಆಗಿ ಮಾರ್ಪಡಿಸುತ್ತದೆ. ಸುಲಭವಾಗಿ ಹೊರಹೋಗಲಾರದ ಸಾರ್ಬಿಟಾಲ್ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮಸೂರ ಉಬ್ಬಿ ಬೆಳ್ಳಗಾಗುತ್ತದೆ. ಕೆಲವೊಮ್ಮೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗುವುದುಂಟು.

'ಪೊರೆ ಬಲಿಯಲಿ, ಆಮೇಲೆ ತೆಗೆಸೋಣ' ಎಂಬುದು ನಮ್ಮ ಹಿರಿಯರ ಮಾತು. ಇಲ್ಲಿ ಅದು ಸಲ್ಲದು. ಮಸೂರದ ಪ್ರೋಟೀನು ಸೋರಿ ಕಣ್ಣೊಳಗೆ ಉರಿಯೂತ ಏಳುತ್ತದೆ. ತಡಮಾಡಿದರೆ ಕಣ್ಣಿನ ಒತ್ತಡ ಏರಬಹುದು, ಅಕ್ಷಿಪಟಲ ಕಳಚಬಹುದು. ಬಿಳುಪು ಕಂಡ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ.

ಪೊರೆಗೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ಅಕ್ಷಿಪಟಲ ಚೆನ್ನಾಗಿದೆಯೇ ಎಂದು ಸ್ಕ್ಯಾನ್ ಮತ್ತು ವಿದ್ಯುತ್ ಪರೀಕ್ಷೆಯಿಂದ ಮೊದಲು ತಿಳಿಯುತ್ತಾರೆ. ರಕ್ತದ ಸಕ್ಕರೆಯೂ ಹದಕ್ಕೆ ಬಂದಿರಬೇಕು. ವಿಧಾನ ಮನುಷ್ಯರದ್ದೇ: ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಬಳಕೆಗೆ ತಂದ ಫೇಕೋ. ಸಣ್ಣ ಸೀಳಿನ ಮೂಲಕ ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುತ್ತಾರೆ. ಕೂಡಿಸುವ ಕೃತಕ ಮಸೂರ ಮಾತ್ರ ಬೇರೆ. ನಾಯಿಗೆ ಬೇಕಾದುದು ಸುಮಾರು 41 ಡಯಾಪ್ಟರ್, ಮನುಷ್ಯರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ. ನಾಯಿ ಅಲುಗಾಡದಿರಲು ಪೂರ್ಣ ಅರಿವಳಿಕೆ ಬೇಕು. ಉಪವಾಸದ ಆ ಬೆಳಗ್ಗೆ ಇನ್ಸುಲಿನ್ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಅನಂತರದ ಕೆಲಸ ಮನೆಯವರದು. ಕಣ್ಣು ಉಜ್ಜದಂತೆ ಕುತ್ತಿಗೆಗೆ ಕೊಳವೆಯಾಕಾರದ ಪಟ್ಟಿ ಹಾಕಿರಬೇಕು. ದಿನಕ್ಕೆ ಹಲವು ಬಾರಿ ಹನಿ ಔಷಧ, ಅದೂ ವಾರಗಟ್ಟಲೆ. ಕುತ್ತಿಗೆಗೆ ಸರಪಳಿ ಬಿಗಿದು ಎಳೆದರೆ ಕಣ್ಣಿನ ಒತ್ತಡ ಏರುತ್ತದೆ. ಎದೆಗೆ ಕಟ್ಟುವ ಪಟ್ಟಿಯೇ ಲೇಸು. ಹಾರಾಟ, ಕಿರುಚಾಟ ಬೇಡ. ಸ್ಟೀರಾಯ್ಡ್ ಹನಿ ಸಕ್ಕರೆ ಏರಿಸಬಹುದು, ರಕ್ತಪರೀಕ್ಷೆ ತಪ್ಪಿಸಬೇಡಿ. ಕಣ್ಣು ಕೆಂಪಾದರೆ, ನಾಯಿ ಕಣ್ಣು ಮುಚ್ಚಿಯೇ ಇದ್ದರೆ ನಾಳೆಗೆ ಮುಂದೂಡದೆ ಆಸ್ಪತ್ರೆಗೆ ಹೊರಡಿ. ಹೀಗೆ ನೋಡಿಕೊಂಡರೆ ಹೆಚ್ಚಿನ ನಾಯಿಗಳಿಗೆ ದೃಷ್ಟಿ ಮರಳುತ್ತದೆ.

ಖರ್ಚು ಎಲ್ಲರಿಗೂ ನಿಲುಕುವುದಿಲ್ಲ, ನಿಜ. ಶಸ್ತ್ರಚಿಕಿತ್ಸೆ ಮಾಡಿಸದಿದ್ದರೂ ಉರಿಯೂತ ತಡೆಯುವ ಹನಿ ನಿಲ್ಲಿಸಬೇಡಿ, ಕಣ್ಣು ನೋಯುತ್ತದೆ. ಕುರುಡು ನಾಯಿ ಮೂಗು, ಕಿವಿಗಳ ಆಸರೆಯಲ್ಲೇ ಮನೆ ಸುತ್ತಬಲ್ಲದು. ಮಂಚ, ಕುರ್ಚಿ, ನೀರಿನ ಬಟ್ಟಲುಗಳ ಜಾಗ ಬದಲಿಸದಿರಿ. ಹತ್ತಿರ ಹೋಗುವ ಮುನ್ನ ಹೆಸರು ಹಿಡಿದು ಕರೆಯಿರಿ.